ಹೊಸ ಮಂಡಿಯೂ ಹಳೆಯ ಮುದ್ದೆಕೋಲೂ

ಮಕ್ಕಳೇ, ನಿಮ್ಮ ಅಜ್ಜಿಗೆ ಒಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ "ಏನಾದ್ರೂ ಕೇಳೋದಿದೆಯಾ?" ಎಂದರೆ ಸಾಕು, ಬಾಯಿಂದ ತಾನಾಗಿ "ಏನಿಲ್ಲ" ಎಂದು ಬಂದುಬಿಡುತ್ತದೆ. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಭಾಗಾಕಾರ ಹೇಳಿಕೊಟ್ಟು ಹಾಗೆ ಕೇಳಿದಾಗಲೂ ಇದೇ ಉತ್ತರ. ಅದಕ್ಕೇ ನನಗೆ ಇವತ್ತಿಗೂ ಭಾಗಾಕಾರ ಬರುವುದಿಲ್ಲ. ನಿಮ್ಮ ತಾತ ಹೆಣ್ಣು ನೋಡಲು ಬಂದ ದಿನವೂ ಯಾರೋ ಹಿರಿಯರು ಕೇಳಿದರು, ಏನಿಲ್ಲ ಎಂದೆ. ಗೊರಕೆ ಹೊಡೆಯುತ್ತಾರೆಯೇ ಎಂದು ಅಂದೇ ಕೇಳಬೇಕಿತ್ತು. ಈಗ ಆ ಗೊರಕೆಯಿಲ್ಲದೆ ಮನೆ ಬಿಕೋ ಎನ್ನುತ್ತದೆ, ಅದು ಬೇರೆ ಮಾತು.

ಬಲ ಮಂಡಿ ಬದಲಾಯಿಸಿದ ಮೇಲೆ ಡಾಕ್ಟರೂ ಅದನ್ನೇ ಕೇಳಿದರು. ಒಂದೇ ಒಂದು ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು: "ಸಾರ್, ನಾನಿನ್ನು ಮುದ್ದೆ ತೊಳಸಬಹುದಾ?" ಅಷ್ಟು ಓದಿದವರ ಮುಂದೆ ಮುದ್ದೆಯ ಮಾತು ಹೇಗೆ ಎತ್ತುವುದು? "ಏನಿಲ್ಲ ಸಾರ್" ಎಂದು ಎದ್ದು ಬಂದೆ.

ನಮ್ಮ ಮನೆಯಲ್ಲಿ ಮುದ್ದೆ ಮಾಡುವ ಕ್ರಮ ನಿಮಗೆ ಗೊತ್ತಲ್ಲ. ಕುದಿಯುವ ಹಿಟ್ಟಿನ ಪಾತ್ರೆಯನ್ನು ನೆಲಕ್ಕಿಳಿಸಿ, ಅದು ತಿರುಗದ ಹಾಗೆ ಕವೆಗೋಲು ಸಿಕ್ಕಿಸಿ, ಮಣೆಯ ಮೇಲೆ ಕುಳಿತು ಆ ಕೋಲನ್ನು ಪಾದದಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮುದ್ದೆಕೋಲು ತಿರುವಬೇಕು. ನಲವತ್ತು ವರ್ಷ ಒಂದೂ ಗಂಟಿಲ್ಲದ ಮುದ್ದೆ ಬಡಿಸಿದವಳು ನಾನು. ಈ ಮನೆಯಲ್ಲಿ ನಾನು ತಲೆಯೆತ್ತಿ ನಡೆದದ್ದು ಅದೊಂದರಿಂದಲೇ. ಆದರೆ ಹೊಸ ಮಂಡಿ ಬಹಳ ಬಿಗುಮಾನದ್ದು. ನೋವು ಹೋಯಿತು, ಬಿಗಿತ ಉಳಿಯಿತು. ವ್ಯಾಯಾಮ ಮಾಡಿಸುವ ಹುಡುಗಿ "ಇನ್ನೊಂಚೂರು ಮಡಚಿ ಅಜ್ಜಿ" ಎಂದು ದಿನವೂ ಗೋಗರೆದರೂ ಅದು ಕುರ್ಚಿಯಲ್ಲಿ ಕೂರುವಷ್ಟು ಮಡಚಿ ಅಲ್ಲೇ ನಿಂತಿತು. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು.

ಐದು ತಿಂಗಳು ನಿಮ್ಮಮ್ಮ ಶೋಭಾಳೇ ಮುದ್ದೆ ಮಾಡಿದಳು. ಕೆಲಸಕ್ಕೂ ಹೋಗಿ ಬರುವವಳು, ಪಾಪ. ನಾನಾದರೂ ಸುಮ್ಮನಿರಬೇಕಿತ್ತು. ಒಂದು ದಿನ ಗಂಟು ಸಿಕ್ಕಿ, "ಇದೇನಮ್ಮಾ, ಗೋಲಿ ಆಡೋಕ್ ಮಾಡಿದ್ಯಾ?" ಎಂದುಬಿಟ್ಟೆ. ಅವಳು ಇನ್ನೊಂದು ಸೌಟು ಸಾರು ಬಡಿಸಿದಳು. ನಿಜ ಹೇಳಬೇಕೆಂದರೆ ಗಂಟಿನ ಮೇಲೆ ನನಗೆ ಸಿಟ್ಟಿರಲಿಲ್ಲ. ಮುದ್ದೆಕೋಲು ಕೈತಪ್ಪಿ ಹೋದರೆ ಈ ಮನೆಯಲ್ಲಿ ನನಗಿನ್ನೇನು ಕೆಲಸ ಎಂಬ ಭಯವಿತ್ತು.

ಕೊನೆಗೆ ಪ್ರಶ್ನೆಯನ್ನು ಪಕ್ಕದ ಮನೆಯ ಮುಮ್ತಾಜಮ್ಮನ ಮುಂದೆ ಬಿಚ್ಚಿದೆ. ಅವರಿಗೆ ಎರಡೂ ಮಂಡಿ ಹೊಸವು, ನನಗಿಂತ ಸೀನಿಯರ್. ಹೊಟ್ಟೆ ಹಿಡಿದು ನಕ್ಕರು.

"ಅಯ್ಯೋ ಅಕ್ಕಾ, ನಾನು ನಮಾಜೇ ಕುರ್ಚಿ ಮೇಲೆ ಮಾಡ್ತೀನಿ. ಅಲ್ಲಾನೇ ಬೇಡ ಅಂದಿಲ್ಲ, ನಿಮ್ ಮುದ್ದೆ ಏನ್ ಅಂತೈತೆ?"

"ಮಣೆ ಬಿಟ್ಟು ಕುರ್ಚಿ ಮೇಲಾ? ನಮ್ಮತ್ತೆ ನೋಡಿದ್ರೆ..."

"ನಿಮ್ಮತ್ತೆ ಎಲ್ಲವ್ರೆ ಈಗ?"

ಅದೂ ಸರಿಯೇ. ನಮ್ಮತ್ತೆ ಗೋಡೆಯ ಮೇಲೆ ಹಾರ ಹಾಕಿಕೊಂಡು ಇಪ್ಪತ್ತು ವರ್ಷವಾಗಿತ್ತು.

ಭಾನುವಾರ ಶೋಭಾ ಪಾತ್ರೆಯನ್ನು ಗಟ್ಟಿಯಾದ ಹಲಗೆಯ ಮೇಲಿಟ್ಟುಕೊಟ್ಟಳು. ನಾನು ಕುರ್ಚಿಯಲ್ಲಿ ಕುಳಿತು ಬಲಗಾಲು ನೀಡಿದೆ. ಆಗ ನೋಡಿ, ಮಡಚದ ಆ ಕಾಲು ಕವೆಗೋಲಿನ ಮೇಲೆ ಕಲ್ಲುಕಂಬದ ಹಾಗೆ ನಿಂತಿತು! ಹಳೆಯ ಮಂಡಿ ಇಷ್ಟು ಗಟ್ಟಿಯಾಗಿ ಎಂದೂ ಹಿಡಿದಿರಲಿಲ್ಲ. ಆವಿಯಲ್ಲಿ ನನ್ನ ಕಣ್ಣು ಮಂಜಾಯಿತು. ಆವಿಯಿಂದಲೇ ಎಂದು ಎಲ್ಲರಿಗೂ ಹೇಳಿದೆ.

ಮುದ್ದೆ ಕಟ್ಟಿ ಎಲ್ಲರಿಗೂ ಬಡಿಸಿದ್ದಾಯಿತು. ನನ್ನ ತಟ್ಟೆಯ ಮುದ್ದೆ ಮುರಿದೆ. ಬೆರಳಿಗೆ ಏನೋ ತಾಗಿತು. ಐದು ತಿಂಗಳು ಸುಮ್ಮನಿದ್ದ ಕೈ ಅಲ್ಲವೇ, ಮಂಡಿಯ ಹಾಗೆ ಅದೂ ಬಿಗಿದುಕೊಂಡಿತ್ತು. ಯಾರಿಗೂ ಕಾಣದ ಹಾಗೆ ಗಂಟುಗಳ ಮೇಲೆ ಸಾರು ಸುರಿದುಕೊಂಡೆ. ತಲೆಯೆತ್ತಿದರೆ ಶೋಭಾ ನನ್ನನ್ನೇ ನೋಡುತ್ತಿದ್ದಾಳೆ.

"ಅತ್ತೆ, ಗೋಲಿ ಏನಾದ್ರೂ ಸಿಕ್ತಾ?"

"ಏನಿಲ್ಲ" ಎಂಬುದು ಗಂಟಲಿನವರೆಗೂ ಬಂದಿತ್ತು. ಮುದ್ದೆಯ ಜೊತೆ ಅದನ್ನೂ ನುಂಗಿಕೊಂಡೆ.

"ಎರಡು ಸಿಕ್ತು ಕಣಮ್ಮಾ" ಎಂದೆ. "ಬಾ, ಊಟ ಆದ್ಮೇಲೆ ಆಡೋಣ."