ಹಲೋಪ್ಪನ ಪ್ರಾಗ್ ಪ್ರವಾಸ

ಎಲ್ಲದಕ್ಕೂ ಕಾರಣ ಸಾಹೇಬರ ಕುರ್ಚಿಯ ಹಿಂದಿನ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರು. ಆ ತಿಂಗಳ ಚಿತ್ರದಲ್ಲಿ ಒಂದು ನದಿ, ನದಿಗೆ ಅಡ್ಡಲಾಗಿ ಕಲ್ಲಿನ ಸೇತುವೆ, ಸೇತುವೆಯ ಎರಡೂ ಬದಿಗೆ ಸಾಲಾಗಿ ನಿಂತ ಪ್ರತಿಮೆಗಳು, ಆಚೆ ದಡದ ಗುಡ್ಡದ ಮೇಲೊಂದು ಕೋಟೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಪ್ರಾಗ್’ ಎಂದು ಅಚ್ಚಾಗಿತ್ತು. ಹಿಂದಿನ ತಿಂಗಳು ಅದೇ ಜಾಗದಲ್ಲಿ ಬುಟ್ಟಿಯಲ್ಲಿ ಕೂತ ಎರಡು ಬೆಕ್ಕಿನ ಮರಿಗಳಿದ್ದವು. ರಜೆಯನ್ನು ಆಗಲೇ ಕೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಹಲೋಪ್ಪ ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಫೋನೆತ್ತಿ “ಹಲೋ, ದೂರು ವಿಭಾಗ” ಅನ್ನುವುದೇ ಅವನ ಕೆಲಸ. ನಲ್ಲಿಯಲ್ಲಿ ನೀರು ಬರಲಿಲ್ಲ ಎಂದು ಜನ ಅವನನ್ನು ಬೈಯುತ್ತಿದ್ದರು, ಬಂದರೆ ಕೆಸರು ಬಂತು ಎಂದು ಬೈಯುತ್ತಿದ್ದರು. ವರ್ಷಾನುಗಟ್ಟಲೆ ಬೈಸಿಕೊಂಡು ಅವನ ಸ್ಥಿತಿ ಎಲ್ಲಿಗೆ ಬಂದಿತ್ತೆಂದರೆ, ಮನೆಯಲ್ಲಿ ಬಚ್ಚಲಿನ ಬಾಗಿಲು ಬಡಿದರೂ ಒಳಗಿನಿಂದ “ಹಲೋ, ದೂರು ವಿಭಾಗ” ಎನ್ನುತ್ತಿದ್ದ. ನಿದ್ದೆಯಲ್ಲೂ ಅದನ್ನೇ ಅನ್ನುತ್ತಿದ್ದ. ಹಾಗೆ ಅಂದ ತನ್ನ ದನಿಗೇ ತಾನು ಎಚ್ಚರಗೊಂಡು, ಮತ್ತೆ ನಿದ್ದೆ ಬರದೆ ಸೂರು ನೋಡುತ್ತ ಮಲಗಿರುತ್ತಿದ್ದ. ಅವನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ. ಯಾರೂ ಮಾತಾಡಿಸದ ಕಡೆ ಕಣ್ತುಂಬ ನಿದ್ದೆ.

ಆ ಶನಿವಾರ ಬೆಳಿಗ್ಗೆ ಧೈರ್ಯ ಮಾಡಿ ಸಾಹೇಬರ ಕೋಣೆಗೆ ಹೋದ.

“ಸೋಮವಾರದಿಂದ ಎಂಟು ದಿನಾನಾ? ಯಾಕ್ರೀ?” ಎಂದರು ಸಾಹೇಬರು.

“ನಿದ್ದೆ ಮಾಡ್ಬೇಕು ಸಾರ್.”

“ನಿದ್ದೆಗೆಲ್ಲ ರಜೆ ಕೊಡೋಕಾಗುತ್ತೇನ್ರೀ? ಈ ಆಫೀಸಲ್ಲಿ ನಿದ್ದೆ ಮಾಡೋರು ಎಷ್ಟು ಜನ ಇಲ್ಲ, ಒಬ್ರಾದ್ರೂ ಅದಕ್ಕೆ ಅಂತ ರಜೆ ಕೇಳಿದಾರಾ? ಮದುವೆ, ಸಾವು, ದೂರ ಪ್ರಯಾಣ. ಮೂರರಲ್ಲಿ ಯಾವ್ದು ಹೇಳಿ.”

ಮದುವೆ ಆಗಿಹೋಗಿತ್ತು. ಸಾಯುವಷ್ಟು ಸುಸ್ತಾಗಿದ್ದರೂ ಸತ್ತಿರಲಿಲ್ಲ. ಹಲೋಪ್ಪನ ಕಣ್ಣು ಕ್ಯಾಲೆಂಡರಿನ ಮೇಲೆ ಬಿತ್ತು.

“ಪ್ರಾಗ್ ಸಾರ್. ಪ್ರಾಗ್‌ಗೆ ಹೋಗ್ತಿದೀನಿ.”

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. “ನೀವು? ಪ್ರಾಗ್‌ಗೆ? ಅಲ್ಲಿ ಯಾರಿದಾರ್ರೀ ನಿಮಗೆ?”

“ಷಡ್ಡಕ ಇದಾನೆ ಸಾರ್. ಅವನೇ ಕರೆಸ್ಕೊಳ್ತಿದಾನೆ. ವೀಸಾ ಗೀಸಾ ಎಲ್ಲಾ ಆಗಿದೆ.”

ಷಡ್ಡಕ ಇದ್ದದ್ದು ನಿಜ. ಹೆಂಡತಿಯ ತಂಗಿಯ ಗಂಡ, ಸುತ್ತಮುತ್ತಲ ಹಳ್ಳಿ ತಿರುಗಿ ನೀರೆತ್ತುವ ಪಂಪು ಮಾರುವವನು. ಅವನು ಹೆಚ್ಚೆಂದರೆ ಪಕ್ಕದೂರಿನ ಬಸ್ ನಿಲ್ದಾಣ ದಾಟಿದ್ದ.

“ಸರಿ, ಸಂಜೆ ಹೇಳ್ತೀನಿ. ನಿಮ್ಮ ಜಾಗಕ್ಕೆ ಯಾರನ್ನ ಕೂರಿಸೋದು ಅಂತ ನೋಡ್ಬೇಕಲ್ಲ,” ಎಂದರು ಸಾಹೇಬರು.

ಹಲೋಪ್ಪ ತನ್ನ ಮೇಜಿಗೆ ಬಂದು ಕೂರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. ಟೈಪಿಸ್ಟ್ ಅಕ್ಕ ಕುರ್ಚಿ ಎಳೆದುಕೊಂಡೇ ಬಂದಳು. ಆಕೆ ಆ ಊರನ್ನು ಟೀವಿಯಲ್ಲಿ ನೋಡಿದ್ದಳು. ಹೀಗಾಗಿ ಅದು ಆಕೆಯ ತವರೂರೇ ಆಗಿಬಿಟ್ಟಿತು.

“ಮೊದಲ್ನೇ ದಿನ ಸೇತುವೆ. ಕತ್ತಲಿರುವಾಗ್ಲೇ ಎದ್ದು ಹೋಗ್ಬೇಕು, ಆಮೇಲೆ ಜನ ತುಂಬ್ಕೊಂಡ್ಬಿಡ್ತಾರೆ. ಅಲ್ಲಿಂದ ಹಾಗೇ ಗುಡ್ಡ ಹತ್ತಿ ಕೋಟೆ. ಮೆಟ್ಲು ಜಾಸ್ತಿ ಇದೆ, ಹತ್ತಬಹುದು. ಕೆಳಗಿಳಿದು ಹಳೇ ಪೇಟೆ. ಅಲ್ಲೊಂದು ಗಡಿಯಾರ ಇದೆಯಂತೆ, ಗಂಟೆ ಹೊಡೆಯೋವಾಗ ಕಿಟಕಿ ತೆಗೆದು ಗೊಂಬೆಗಳು ಒಂದೊಂದೇ ಇಣುಕಿ ನೋಡಿ ಹೋಗ್ತಾವಂತೆ. ನೀನು ಪ್ರತಿ ಗಂಟೆಗೂ ಅಲ್ಲಿರ್ಬೇಕು.”

ಹಲೋಪ್ಪನಿಗೆ ಕೂತಲ್ಲೇ ಮೊಣಕಾಲು ನೋಯತೊಡಗಿತು. ತಾನು ಹೋಗುವುದಿಲ್ಲ ಎಂಬುದು ಗೊತ್ತಿದ್ದರೂ ಆ ಮೆಟ್ಟಿಲುಗಳನ್ನು ನೆನೆದು ಏದುಸಿರು ಬಂತು.

“ಎರಡ್ನೇ ದಿನ ಮಧ್ಯಾಹ್ನ ಸ್ವಲ್ಪ ಮಲಗ್ಲಾ ಅಕ್ಕ?” ಎಂದು ಅಂಗಲಾಚಿದ.

“ಅಷ್ಟು ದೂರ ಮಲಗೋಕೆ ಹೋಗ್ತೀಯಾ? ನಾಚ್ಕೆ ಆಗ್ಬೇಕು! ಎರಡ್ನೇ ದಿನ ವಸ್ತು ಸಂಗ್ರಹಾಲಯ. ನಡೆದೇ ಹೋಗು, ಊರು ಗೊತ್ತಾಗೋದೇ ನಡೆದ್ರೆ.”

ಮೀಟರ್ ಓದುವವನು ಚೀಲ ಹೆಗಲಿಗೇರಿಸಿ ಹೊರಟಿದ್ದವನು ನಿಂತುಬಿಟ್ಟ. “ಅಲ್ಲಾ, ಈಗ ಅಲ್ಲಿ ಟೈಮ್ ಎಷ್ಟು?”

“ನಮಗೆ ಹಗಲು ಅಂದ್ರೆ ಅವ್ರಿಗೆ ರಾತ್ರಿ,” ಎಂದಳು ಟೈಪಿಸ್ಟ್ ಅಕ್ಕ. “ಭೂಮಿ ಗುಂಡಗಿದೆಯಲ್ಲ.”

“ಗುಂಡಗಿದ್ರೂ ಎಲ್ಲಾ ದೇಶಕ್ಕೂ ಹಂಗಿರಲ್ಲ ಅಕ್ಕ. ಒಂದು ನಾಲ್ಕೈದು ಗಂಟೆ ವ್ಯತ್ಯಾಸ ಇರ್ಬಹುದು ಅಷ್ಟೆ.”

“ಮೀಟರ್ ಓದೋದು ಬಿಟ್ಟು ಭೂಗೋಳ ಯಾವಾಗ ಓದ್ದೆ ನೀನು?”

ಮಾತು ಜೋರಾಯಿತು. ಅದೇ ಹೊತ್ತಿಗೆ ಹಲೋಪ್ಪನ ಫೋನು ಬಡಿದುಕೊಳ್ಳತೊಡಗಿತು. ಅವನು ರಿಸೀವರ್ ಎತ್ತಿ ಕೈಯಲ್ಲಿ ಹಿಡಿದುಕೊಂಡ. ಗಲಾಟೆಗೆ ಸಾಹೇಬರೂ ಬಾಗಿಲಿಗೆ ಬಂದರು. “ಷಡ್ಡಕ ಇರೋದು ಹಲೋಪ್ಪಂಗೆ. ನೀವು ಯಾಕ್ರೀ ಜಗಳ ಆಡ್ತೀರಿ? ಹೇಳ್ರೀ ಹಲೋಪ್ಪ, ಅಲ್ಲಿ ರಾತ್ರಿನೋ ಹಗಲೋ?”

ಹಲೋಪ್ಪನಿಗೆ ತಲೆ ಸಿಡಿಯುತ್ತಿತ್ತು. ಜಗಳ ನಿಂತರೆ ಸಾಕಾಗಿತ್ತು. “ಅಕ್ಕ ಹೇಳಿದ್ದೇ ಸರಿ ಸಾರ್. ನಮಗೆ ರಾತ್ರಿ ಅಂದ್ರೆ ಪ್ರಾಗ್‌ನಲ್ಲಿ ಪೂರ್ತಿ ಹಗಲು.”

“ಪೂರ್ತಿ ಹಗಲು,” ಎಂದು ಸಾಹೇಬರು ಗಲ್ಲ ಕೆರೆದುಕೊಂಡು, ಏನನ್ನೋ ಯೋಚಿಸುತ್ತ ಒಳಗೆ ಹೋದರು. ಆಗ ಹಲೋಪ್ಪ ಅದನ್ನು ಗಮನಿಸಲಿಲ್ಲ.

ಫೋನಿನಲ್ಲಿದ್ದದ್ದು ಅರ್ಜಿ ತಾತ. ಹಲೋಪ್ಪನ ಮನೆಯ ಮೇಲಿನ ಮಹಡಿಯಲ್ಲೇ ಇರುವ ನಿವೃತ್ತ ಮೇಷ್ಟ್ರು. ನೀರು ಬಿಡುವುದು ನಡುರಾತ್ರಿ, ದೂರು ಕೇಳುವ ಫೋನು ಸಂಜೆಗೇ ಬಂದ್, ಇದ್ಯಾವ ನ್ಯಾಯ ಎಂದು ಅವರು ವರ್ಷದಿಂದ ಮೇಲಧಿಕಾರಿಗಳಿಗೆ ಅರ್ಜಿಯ ಮೇಲೆ ಅರ್ಜಿ ಗುಜರಾಯಿಸುತ್ತಿದ್ದರು. ಅವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಅದನ್ನು ಹಂಚಿಕೊಳ್ಳಲು ಯಾರಾದರೂ ಬೇಕಿತ್ತು.

“ಎಲ್ಲಾ ಕೇಳಿಸ್ಕೊಂಡೆ ಕಣಪ್ಪಾ,” ಎಂದರು ತಾತ. “ಪ್ರಾಗ್‌ಗೆ ಹೋಗ್ತಿದೀಯಾ! ಹೇಳಲೇ ಇಲ್ವಲ್ಲ ಮಾರಾಯ! ಇರು, ನಿನ್ನ ಹೆಂಡ್ತಿ ಬಟ್ಟೆ ಒಣಗಿಸ್ತಿದಾಳೆ, ಒಂದು ಮಾತು ಹೇಳ್ಬಿಡ್ತೀನಿ.”

“ತಾತಾ, ಬೇಡ!” ಎಂದು ಹಲೋಪ್ಪ ಕೂಗುವಷ್ಟರಲ್ಲಿ ಫೋನು ಇಟ್ಟಾಗಿತ್ತು.

ಸಂಜೆ ಮನೆ ಮುಟ್ಟಿದಾಗ ಮೆಟ್ಟಿಲ ಬುಡದಲ್ಲೇ ಕೆಳಮನೆಯ ದರ್ಜಿ ಅಳತೆಯ ಟೇಪು ಹಿಡಿದು ಕಾಯುತ್ತಿದ್ದ. “ಅಲ್ಲಿ ಚಳಿ ಅಣ್ಣ, ಕೋಟಿಲ್ದೆ ಹೋಗ್ಬಾರ್ದು,” ಎಂದು ಅವನ ಎದೆ, ತೋಳು, ಸೊಂಟ ಅಳೆದ. “ಮನೇಲಿ ಅಕ್ಕ ನನಗೊಂದು ಉಪಕಾರ ಮಾಡಿದಾರೆ, ಮೇಲೆ ಹೋದ್ರೆ ಹೇಳ್ತಾರೆ,” ಎಂದು ಹಲ್ಲುಕಿರಿದ. ಏನು ಉಪಕಾರ ಎಂದು ಕೇಳುವಷ್ಟು ತ್ರಾಣ ಹಲೋಪ್ಪನಲ್ಲಿರಲಿಲ್ಲ.

ಮನೆಯಲ್ಲಿ ಅಟ್ಟದ ಮೇಲಿದ್ದ ಸೂಟ್‌ಕೇಸು ಕೆಳಗಿಳಿದಿತ್ತು. ಅದನ್ನು ಒರೆಸಿ, ಒಳಗೆ ಹಾಸಲು ಹಳೇ ಪೇಪರು ಕೂಡ ಹಾಕಿಯಾಗಿತ್ತು. ಮೂಲೆಯಲ್ಲಿ ಹೆಂಡತಿಯ ಕೆಂಪು ಸ್ವೆಟರು ಮಡಚಿಟ್ಟಿತ್ತು. ಅವಳು ಮುಖ ಊದಿಸಿಕೊಂಡಿದ್ದಳು, ಆದರೆ ಕಣ್ಣು ಬೇರೆಯೇ ಹೇಳುತ್ತಿತ್ತು.

“ನನಗೆ ಈ ವಿಷ್ಯ ಮೇಲ್ಮನೆ ತಾತನ ಬಾಯಿಂದ ಗೊತ್ತಾಗ್ಬೇಕೇನ್ರೀ?” ಎಂದಳು. ಆಮೇಲೆ ನೆಲ ನೋಡುತ್ತ, “ಟಿಕೆಟ್ಟು ಒಂದೇನಾ, ಎರಡಾ?” ಎಂದಳು.

ಆ ಪ್ರಶ್ನೆಗೆ ಹಲೋಪ್ಪ ಭೂಮಿಗೆ ಇಳಿದುಹೋದ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳನ್ನು ಪಕ್ಕದೂರಿಗೂ ಸರಿಯಾಗಿ ಕರೆದುಕೊಂಡು ಹೋದವನಲ್ಲ. ಸುಳ್ಳು ಹೇಳುವ ಶಕ್ತಿಯೂ ಮುಗಿದಿತ್ತು. ಸೂಟ್‌ಕೇಸಿನ ಪಕ್ಕದಲ್ಲೇ ಕುಕ್ಕರಿಸಿ ಕ್ಯಾಲೆಂಡರಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟ.

ಅವಳು ಕೆಂಪು ಸ್ವೆಟರನ್ನು ಬಿಡಿಸಿ ಮತ್ತೆ ಮಡಚಿದಳು. “ಬೆಳಿಗ್ಗೆಯಿಂದ ತಾತ ಹೇಳಿದ ಆ ಸೇತುವೆ ಮೇಲೇ ಓಡಾಡ್ತಿದ್ದೆ ಕಣ್ರೀ,” ಎಂದಳು ಕೊನೆಗೆ. ಹಲೋಪ್ಪನಿಗೆ ತುಂಬ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಅಷ್ಟರಲ್ಲಿ ಅವನ ಮೊಬೈಲು ಹೊಡೆದುಕೊಂಡಿತು. ಷಡ್ಡಕ!

“ಏನು ಭಾವ ನಿಮ್ದು? ನಾನು ಪಂಪು ಮಾರ್ಕೊಂಡು ಮನೆಗೆ ಬಂದ್ರೆ ನನ್ನ ಹೆಂಡ್ತಿ ಬಾಗಿಲಲ್ಲೇ ನಿಲ್ಸಿ ಪಾಸ್‌ಪೋರ್ಟ್ ತೋರ್ಸು ಅಂತಿದಾಳೆ! ಇಲ್ಲ ಕಣೇ ಅಂದ್ರೆ ಬಚ್ಚಿಟ್ಟಿದೀಯ ಅಂತಾಳೆ. ಪ್ರಾಗ್‌ನಲ್ಲಿ ಯಾರ ಜೊತೆ ಸಂಸಾರ ಮಾಡ್ತಿದೀಯ ಅಂತಾಳೆ. ಪ್ರಾಗ್ ಎಲ್ಲಿದೆ ಭಾವ?”

ಹಲೋಪ್ಪ ಹೆಂಡತಿಯ ಕಡೆ ನೋಡಿದ. “ನಾನೇ ಖುಷಿಗೆ ತಂಗಿಗೆ ಫೋನ್ ಮಾಡಿದ್ದೆ,” ಎಂದಳು ಅವಳು. ಹಾಗೆಂದವಳಿಗೆ ತಡೆಯಲಾರದಷ್ಟು ನಗು ಬಂತು. ಫೋನು ಕಿತ್ತುಕೊಂಡು ತಂಗಿಯನ್ನು ಸಮಾಧಾನ ಮಾಡುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರೇ ಬಂದಿತ್ತು. ನಕ್ಕು ನಕ್ಕು ಬಂದದ್ದೋ, ಬೇರೆಯದೋ, ಹಲೋಪ್ಪ ವಿಚಾರಿಸಲಿಲ್ಲ.

“ಸರಿ, ಆಗಿದ್ದಾಯ್ತು,” ಎಂದಳು ಫೋನಿಟ್ಟು. “ನನಗೂ ಸಾಕಾಗಿದೆ. ನೀವು ನಿದ್ದೇಲಿ ಹಲೋ ಅಂದಾಗೆಲ್ಲ ನನಗೂ ಎಚ್ಚರ ಆಗುತ್ತಲ್ಲ. ನಾನೂ ಮಲಗ್ತೀನಿ.”

“ನೀನೂ ಮಲಗಿದ್ರೆ ಅಡುಗೆ?”

“ಪ್ರಾಗ್‌ಗೆ ಹೋಗಿದ್ರೆ ನಾನು ಅಡುಗೆ ಮಾಡ್ತಿದ್ನಾ? ಬ್ರೆಡ್ಡು ತಂದಿಡಿ.”

ಇಬ್ಬರೂ ಕೂತು ಯೋಜನೆ ಹಾಕಿದರು. ನಾಳೆ ಸಂಜೆ ಎಲ್ಲರೂ ನೋಡುವ ಹಾಗೆ ಸೂಟ್‌ಕೇಸಿನೊಂದಿಗೆ ಟ್ಯಾಕ್ಸಿ ಹತ್ತುವುದು. ಊರು ಒಂದು ಸುತ್ತು ಹಾಕಿ, ಕತ್ತಲಾದ ಮೇಲೆ ಹಿಂದಿನ ಮೆಟ್ಟಿಲು ಹತ್ತಿ ಒಳಗೆ ಬರುವುದು. ದೀಪ ಹಾಕುವಂತಿಲ್ಲ, ನಲ್ಲಿ ತಿರುಗಿಸುವಂತಿಲ್ಲ, ಮಾತಂತೂ ಇಲ್ಲವೇ ಇಲ್ಲ. ಆ ಕೊನೆಯ ಮಾತು ಕೇಳಿಯೇ ಹಲೋಪ್ಪನ ಕಣ್ಣು ತೂಗಿತು. ಇಷ್ಟು ಸುಖವಾದ ಪ್ರವಾಸವನ್ನು ಯಾರೂ ಯೋಜಿಸಿರಲಿಕ್ಕಿಲ್ಲ ಅನ್ನಿಸಿತು ಅವನಿಗೆ.

ಮೊಬೈಲು ಮತ್ತೆ ಹೊಡೆದುಕೊಂಡಿತು. ಈ ಸಲ ಸಾಹೇಬರು.

“ಹಲೋಪ್ಪ, ರಜೆ ಮಂಜೂರು! ರಜೆ ಅಂತ ಕೂಡ ಬರೆದಿಲ್ಲ, ಕೆಲಸದ ಮೇಲೆ ಅಂತ್ಲೇ ಬರೆದಿದೀನಿ.”

“ಕೆಲಸ ಅಂದ್ರೆ ಸಾರ್?”

“ನಿಮ್ಮ ಮೇಲ್ಮನೆ ತಾತನ ಅರ್ಜಿ ಕೊನೆಗೂ ಮೇಲಿನವ್ರಿಗೆ ಮುಟ್ಟಿದೆ ಕಣ್ರೀ. ರಾತ್ರಿಯಿಡೀ ದೂರು ಕೇಳ್ಬೇಕಂತೆ, ಸೋಮವಾರದಿಂದ್ಲೇ ಶುರು ಮಾಡಿ ಅಂತ ಆರ್ಡರ್ ಬಂದಿದೆ. ರಾತ್ರಿ ಎದ್ದು ಕೂರೋಕೆ ಒಬ್ಬನೂ ಒಪ್ತಿಲ್ಲ. ಆಗ ನಿಮ್ಮ ಮಾತು ನೆನಪಾಯ್ತು ನೋಡಿ. ನಮಗೆ ರಾತ್ರಿ ಅಂದ್ರೆ ಪ್ರಾಗ್‌ನಲ್ಲಿ ಪೂರ್ತಿ ಹಗಲು! ರಾತ್ರಿ ಕರೆ ಎಲ್ಲಾ ನಿಮ್ಮ ಮೊಬೈಲಿಗೇ ತಿರುಗಿಸ್ತಿದೀವಿ.”

“ಸಾರ್, ನಾನಲ್ಲಿ ಊರು ನೋಡೋಕೆ...”

“ನೋಡ್ಕೊಂಡೇ ಮಾತಾಡಿ. ಸೇತುವೆ ಮೇಲೆ ನಿಂತ್ಕೊಂಡು ಮಾತಾಡಿ. ಯಾರು ಬೇಡ ಅಂದ್ರು?” ಸಾಹೇಬರು ಫೋನಿಟ್ಟರು.

ಹಲೋಪ್ಪ ಗೋಡೆಗೆ ಒರಗಿದ. ಹೋಗುತ್ತಿಲ್ಲ ಎಂದರೆ ಸೋಮವಾರ ಬೆಳಿಗ್ಗೆ ಅದೇ ಮೇಜು, ಜೊತೆಗೆ ಸುಳ್ಳುಗಾರ ಎಂಬ ಬಿರುದು. ಹೋಗುತ್ತೇನೆ ಎಂದರೆ ಇದು. “ಹೋಗ್ಲಿ ಬಿಡು,” ಎಂದ ಕ್ಷೀಣವಾಗಿ. “ಹಗಲು ಹೊತ್ತಾದ್ರೂ ಮಲಗ್ತೀನಿ.”

ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು. “ಅಯ್ಯೋ! ದರ್ಜಿಗೆ ಕೀ ಕೊಟ್ಬಿಟ್ಟಿದೀನಲ್ರೀ. ಶಾಲೆ ಮಕ್ಕಳ ಬಟ್ಟೆ ಹೊಲಿಯೋದು ರಾಶಿ ಇದೆಯಂತೆ, ಅವನ ಮನೇಲಿ ಜಾಗ ಸಾಲ್ದು ಅಂದ. ಹೇಗೂ ಮನೆ ಖಾಲಿ ಇರುತ್ತಲ್ಲ ಅಂತ... ಎರಡು ಹೊಲಿಗೆ ಯಂತ್ರ ತಂದು ನಮ್ಮ ಹಾಲ್‌ನಲ್ಲಿ ಹಾಕ್ಕೊಳ್ತಾನೆ. ಹಗಲು ಮಾತ್ರ. ಮಲಗೋ ಕೋಣೆಗೆ ಬೀಗ ಹಾಕ್ತೀನಿ ಅಂದಿದೀನಿ.”

ಬಾಗಿಲು ಬಡಿದ ಸದ್ದಾಯಿತು.

“ಹಲೋ, ದೂರು ವಿಭಾಗ,” ಎಂದ ಹಲೋಪ್ಪ.

ಅರ್ಜಿ ತಾತ ಒಳಗೆ ಬಂದರು. ಗೆದ್ದವರ ಕಳೆ ಮುಖದ ಮೇಲಿತ್ತು. “ಸಾಹೇಬ್ರೇ ಫೋನ್ ಮಾಡಿ ಹೇಳಿದ್ರು ಕಣಪ್ಪಾ! ಇನ್ಮೇಲೆ ರಾತ್ರಿ ನಾನು ಒಂಟಿಯಲ್ಲ. ನಿದ್ದೆ ಬರ್ದಿದ್ದಾಗೆಲ್ಲ ನಿನಗೇ ಫೋನ್ ಮಾಡ್ತೀನಿ. ದೂರ ಇದೀಯ ಅಂತ ಬೇಜಾರು ಮಾಡ್ಕೋಬೇಡ. ಈಗಿನ ಫೋನು ಹೇಗಿವೆ ಅಂದ್ರೆ, ನೀನು ಪ್ರಾಗ್‌ನಿಂದ ಮಾತಾಡಿದ್ರೂ ಈ ಕೋಣೇಲೇ ಕೂತು ಮಾತಾಡಿದಷ್ಟು ಚೆನ್ನಾಗಿ ಕೇಳ್ಸುತ್ತಂತೆ! ಇರು, ಮೇಲೆ ಹೋಗಿ ಒಂದ್ಸಲ ಮಾಡಿ ನೋಡ್ತೀನಿ.”

ತಾತ ಮೆಟ್ಟಿಲು ಹತ್ತಿದರು. ತಲೆಯ ಮೇಲೆ ಅವರ ಹೆಜ್ಜೆ ಸದ್ದು ಕಿಟಕಿಯ ತನಕ ಹೋಗಿ ನಿಂತಿತು. ಮೊಬೈಲು ಹೊಡೆದುಕೊಂಡಿತು.

ಹಲೋಪ್ಪ ಎತ್ತುವ ಮುನ್ನ ಹೆಂಡತಿ ಅವನ ತೋಳು ಹಿಡಿದಳು. ದಿಂಬೊಂದನ್ನು ತಂದು ಅವನ ಬಾಯಿಗೆ ಅಡ್ಡ ಹಿಡಿದು ಅಂದಳು:

“ಮೆಲ್ಲಗೆ ಹಲೋ ಅನ್ನೋದನ್ನ ಈಗ್ಲಿಂದ್ಲೇ ರೂಢಿ ಮಾಡ್ಕೊಳ್ರೀ. ನಾವು ಪ್ರಾಗ್‌ನಲ್ಲಿ ಇರ್ತೀವಿ.”