ಬೀಗರು, ಬೂದಿಮಳೆ ಮತ್ತು ಅತ್ತೆಯ ಹೂಜಿ

“ಇವತ್ತು ಸಾಯಂಕಾಲದೊಳಗೆ ಆ ಬೀಗರು ‘ಮದುವೆ ನಿಮ್ಮೂರಲ್ಲೇ ಆಗ್ಲಿ’ ಅಂತ ತಮ್ಮ ಬಾಯಿಂದಲೇ ಹೇಳದಿದ್ರೆ ನನ್ನ ಹೆಸರು ಅಲ್ಫಿಯೋನೇ ಅಲ್ಲ!”

ಕನ್ನಡಿಯ ಮುಂದೆ ನಿಂತು ಟೈ ಬಿಗಿಯುತ್ತಾ ನಮ್ಮ ಅಲ್ಫಿಯೋ ಹೀಗೆ ಘೋಷಿಸಿದಾಗ ಅವನ ಹೆಂಡತಿ ವೆನೆರಾ ತಲೆ ಎತ್ತಿಯೂ ನೋಡಲಿಲ್ಲ.

“ಹೋದ ವರ್ಷ ಗೀಸರ್ ರಿಪೇರಿ ಮಾಡೋವಾಗಲೂ ಹೀಗೇ ಅಂದಿದ್ರಿ. ಆವತ್ತಿಂದ ನಿಮಗೆ ಹೆಸರೇ ಇಲ್ಲ ಕಣ್ರೀ!”

ಅಲ್ಫಿಯೋ ಇಂಥ ಚುಚ್ಚುಮಾತಿಗೆಲ್ಲ ಜಗ್ಗುವವನಲ್ಲ. ಕತಾನಿಯಾ ಪಟ್ಟಣದ ಮೀನುಪೇಟೆಯಲ್ಲಿ ಜೀವಮಾನವಿಡೀ ಕತ್ತಿಮೀನು ಕೂಗಿ ಮಾರಿದ ಗಂಟಲು ಅದು. ಅವನು ‘ತಾಜಾ ಮೀನು!’ ಎಂದು ಕೂಗಿದರೆ ಸತ್ತ ಮೀನೂ ಒಮ್ಮೆ ಬಾಲ ಅಲ್ಲಾಡಿಸಿ ನೋಡುತ್ತಿತ್ತಂತೆ. ಈಗ ವ್ಯಾಪಾರ ಬಿಟ್ಟು ಎಟ್ನಾ ಬೆಟ್ಟದ ಮಡಿಲ ಹಳ್ಳಿಗೆ ಬಂದು ನೆಲೆಸಿದ್ದಾನೆ. ಮೀನು ಬಿಟ್ಟರೂ ಗಂಟಲು ಬಿಟ್ಟಿಲ್ಲ.

ಈ ಸಲ ಆ ಗಂಟಲಿಗೆ ದೊಡ್ಡ ಕೆಲಸವೇ ಬಿದ್ದಿತ್ತು. ಮಗಳು ಅಗಾತಾ ಉತ್ತರದ ಪಿಯೆಮೊಂತೆ ಕಡೆಯ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಬಂಗಾರದಂಥವನು. ತೊಂದರೆ ಇದ್ದದ್ದು ಅವನಪ್ಪನಲ್ಲಿ. ಒತ್ತಾವಿಯೋ ಎಂಬ ಆ ಮಹಾನುಭಾವರು ಮಾತನ್ನು ಔಷಧಿಯ ಹಾಗೆ ದಿನಕ್ಕೆ ಇಷ್ಟೇ ಹನಿ ಎಂದು ಅಳೆದು ಹಾಕುವವರು. ಫೋನಿನಲ್ಲಿ ಅವರು ಅಂದದ್ದು ಇಷ್ಟೇ: “ನಮ್ಮ ಕಡೆ ವೈನ್ ಚೆನ್ನಾಗಿರತ್ತೆ. ಮದುವೆ ನಮ್ಮಲ್ಲೇ ಆಗ್ಲಿ.”

ಅಲ್ಫಿಯೋನ ಎದೆಗೆ ಈಟಿ ನೆಟ್ಟಂತಾಯಿತು. ಹೆಣ್ಣಿನ ಮನೆಯವರು ದಿಬ್ಬಣ ಕಟ್ಟಿಕೊಂಡು ಅಷ್ಟು ದೂರ ಹೋಗುವುದೇ? ಅದೂ ವೈನ್ ಚೆನ್ನಾಗಿಲ್ಲ ಎಂಬ ಕಾರಣಕ್ಕೆ? ವೆನೆರಾ ಆಗಲೇ ಅರ್ಧ ಹಳ್ಳಿಗೆ ಬಾಯಿಮಾತಿನ ಕರೆಯೋಲೆ ಕೊಟ್ಟಾಗಿತ್ತು. ಮದುವೆ ಕೈತಪ್ಪಿದರೆ ರೊಟ್ಟಿ ಅಂಗಡಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಮಗಳನ್ನು ಕೇಳಿದರೆ, “ನೀವು ನಾಲ್ಕು ಜನ ಕೂತು ತೀರ್ಮಾನ ಮಾಡಿ ಅಪ್ಪಾ, ನಾವು ಎಲ್ಲಿ ಹೇಳಿದ್ರೆ ಅಲ್ಲಿ ಬಂದು ಉಂಗುರ ಹಾಕ್ಕೊಳ್ತೀವಿ,” ಎಂದುಬಿಟ್ಟಳು. ಹೀಗಾಗಿ ಬೀಗರನ್ನು ಕರೆಸಿ, ಬೆಟ್ಟದ ಉತ್ತರದ ಇಳಿಜಾರಿನಲ್ಲಿರುವ ರೊಸಾಲ್ಬಾಳ ದ್ರಾಕ್ಷಿ ತೋಟದಲ್ಲಿ ಮಧ್ಯಾಹ್ನದ ವೈನ್ ಸವಿಯುವ ಏರ್ಪಾಡು ಮಾಡಿ, ಅವರ ಗರ್ವಭಂಗ ಮಾಡಬೇಕೆಂದು ಅಲ್ಫಿಯೋ ಪಣ ತೊಟ್ಟಿದ್ದ. ಅದಕ್ಕಾಗಿ ವೈನ್ ಬಣ್ಣಿಸುವ ಮಾತುಗಳನ್ನು ಒಂದು ವಾರ ಬಚ್ಚಲಲ್ಲಿ ನಿಂತು ಉರು ಹೊಡೆದಿದ್ದ.

ಅತ್ತೆಯನ್ನು ಕರೆದೊಯ್ಯುವ ಯೋಚನೆ ಮಾತ್ರ ಅವನಿಗೆ ಇರಲಿಲ್ಲ. ಆದರೆ ಕಾರಿನ ಬಾಗಿಲು ತೆಗೆದರೆ ದೊನ್ನಾ ಅಗ್ರಿಪ್ಪೀನಾ, ಅಂದರೆ ವೆನೆರಾಳ ಎಂಬತ್ತು ದಾಟಿದ ತಾಯಿ, ಮೊದಲೇ ಮುಂದಿನ ಸೀಟಿನಲ್ಲಿ ಆಸೀನಳಾಗಿದ್ದಳು. ಕಪ್ಪು ಉಡುಪು, ತೊಡೆಯ ಮೇಲೆ ದೊಡ್ಡ ಚೀಲ, ಕಂಕುಳಲ್ಲಿ ಕೊಡೆ.

“ಅತ್ತೇ, ಅಲ್ಲಿಗೆ ದೊಡ್ಡ ದೊಡ್ಡ ಮನುಷ್ಯರು ಬರ್ತಾರೆ. ನೀವು ಬಾಯಿ ಬಿಡಬಾರದು.”

“ಕುಡಿಯೋದಕ್ಕೂ ಬಿಡಬಾರದೇನಪ್ಪಾ?”

“ಅಮ್ಮಾ, ಅವರು ಏನೋ ಹೇಳ್ತಾರೆ, ನೀನು ಸುಮ್ಮನಿರು,” ಎಂದಳು ವೆನೆರಾ.

“ಇರ್ತೀನಮ್ಮ. ಅಳಿಯ ಅಲ್ಲ, ಮಗಳ ಗಂಡ. ಅವನ ಮಾತಿಗೆ ನಾನ್ಯಾಕೆ ಬೇಜಾರು ಮಾಡ್ಕೊಳ್ಳಲಿ?” ಎಂದು ಅತ್ತೆ ಚೀಲವನ್ನು ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಂಡಳು.

ತೋಟದ ಕರಿಗಲ್ಲಿನ ಪೌಳಿಯ ಪಕ್ಕ, ಬಯಲಲ್ಲೇ ಉದ್ದನೆಯ ಮೇಜು ಹಾಕಿತ್ತು. ಬೀಗರು ಮೊದಲೇ ಬಂದಿದ್ದರು. ಒತ್ತಾವಿಯೋ ಎದ್ದು ಕೈಕುಲುಕಿ “ಹೂಂ,” ಎಂದರು. ಅವರ ಹೆಂಡತಿ ಎಲ್ವೀರಾ ಕೆನೆಬಣ್ಣದ ರೇಷ್ಮೆ ಉಡುಪಿನಲ್ಲಿ, ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕುಳಿತಿದ್ದರು. ತೋಟದೊಡತಿ ರೊಸಾಲ್ಬಾ ಮೊದಲ ಬಾಟಲಿಯಿಂದ ಎಲ್ಲರಿಗೂ ಬಗ್ಗಿಸಿ, ಮೇಜಿನ ನಡುವೆ ಒಂದು ಮಣ್ಣಿನ ಹೂಜಿ ಇಟ್ಟಳು.

“ಪೂರ್ತಿ ಕುಡಿಯೋಕೆ ಇಷ್ಟ ಇಲ್ಲದವರು ಉಳಿದಿದ್ದನ್ನ ಇದಕ್ಕೆ ಸುರೀಬಹುದು.”

“ವೈನ್ ಚೆಲ್ಲೋದಾ?” ಅತ್ತೆಯ ಮೌನವ್ರತ ಅಲ್ಲಿಗೇ ಮುಗಿಯಿತು. “ನಮ್ಮಪ್ಪ ಕೇಳಿಸ್ಕೊಂಡಿದ್ರೆ ಗೋರಿಯಿಂದ ಎದ್ದು ಬರೋನು!”

“ಅತ್ತೇ!” ಎಂದು ಅಲ್ಫಿಯೋ ಹಲ್ಲು ಕಚ್ಚಿ, ಬೀಗರತ್ತ ಅದೇ ಹಲ್ಲು ತೋರಿಸಿ ನಕ್ಕ. ಆಮೇಲೆ ಗ್ಲಾಸನ್ನು ಎರಡು ಬೆರಳಲ್ಲಿ ಹಿಡಿದು ಗರಗರ ತಿರುಗಿಸಿದ. ಮೂಗನ್ನು ಅದರೊಳಗೆ ಕಿವಿಯವರೆಗೆ ಇಳಿಸಿದ. ಕಣ್ಣು ಮುಚ್ಚಿದ.

“ಆಹಾ! ಮೊದಲಿಗೆ ಕಾಡುಗುಲಾಬಿ... ಆಮೇಲೆ ಮಳೆಯಲ್ಲಿ ನೆಂದ ಕಲ್ಲು... ಕೊನೇಲಿ, ದೂರದಿಂದ, ಹಗುರವಾಗಿ, ಹೊಗೆ!”

“ಹೊಗೆ ಬರ್ತಿರೋದು ಬೆಟ್ಟದಿಂದ ರೀ, ಗ್ಲಾಸಿಂದಲ್ಲ,” ಎಂದಳು ವೆನೆರಾ.

ನಿಜ, ತುದಿಯಲ್ಲಿ ಬೆಟ್ಟಮ್ಮ ಎಂದಿಗಿಂತ ದಪ್ಪನೆಯ ಹೊಗೆ ಬಿಡುತ್ತಿದ್ದಳು. ನಮ್ಮ ಕಡೆ ಅವಳನ್ನು ಯಾರೂ ಜ್ವಾಲಾಮುಖಿ ಅನ್ನುವುದಿಲ್ಲ. ಮನೆಯ ಹಿರಿಯಳು, ಆಗಾಗ ಕೆಮ್ಮುತ್ತಾಳೆ, ಅಷ್ಟೆ.

ಅಲ್ಫಿಯೋ ಇನ್ನೂ ಕಾಡುಗುಲಾಬಿಯಲ್ಲೇ ಇದ್ದ. ಅಷ್ಟರಲ್ಲಿ ಬೀಗರು ತಮ್ಮದನ್ನು ಕುಡಿದು “ಹೂಂ” ಎಂದಾಗಿತ್ತು. ಅತ್ತೆ, ವೆನೆರಾ, ಎಲ್ವೀರಾ ಎಲ್ಲರ ಗ್ಲಾಸೂ ಬರಿದು. ರೊಸಾಲ್ಬಾ ಎರಡನೆಯ ಬಾಟಲಿ ಹಿಡಿದು ಬಂದು ನಿಂತಾಗ ಅಲ್ಫಿಯೋ ತನ್ನ ತುಂಬಿದ ಗ್ಲಾಸನ್ನು ಗಾಂಭೀರ್ಯದಿಂದ ಹೂಜಿಗೆ ಸುರಿದ. ನಿಪುಣರು ಗಟಗಟ ಕುಡಿಯುವುದಿಲ್ಲ ಎಂದು ಅವನು ಎಲ್ಲೋ ಓದಿದ್ದ. ಎರಡನೆಯದಕ್ಕೆ ಚೆರ್ರಿ ಹಣ್ಣು, ಹಳೇ ಚರ್ಮದ ಚಪ್ಪಲಿ, ಚರ್ಚಿನ ಧೂಪ, ಎಲ್ಲ ಹೊರಬಂದವು. ಅದೂ ಹೂಜಿಗೆ ಹೋಯಿತು. ಮೂರನೆಯದು ಬರುವಷ್ಟರಲ್ಲಿ ಉರು ಹೊಡೆದ ಮಾತುಗಳೆಲ್ಲ ಖಾಲಿ! ಆದರೆ ಬೀಗರು ಎದುರಿಗೆ ಕುಳಿತು ಕಾಯುತ್ತಿದ್ದಾರೆ. ಹೊಸ ಮಾತು ಕೈಕೊಟ್ಟಾಗ ಹಳೇ ಕಸುಬು ಕೈಹಿಡಿಯಿತು.

“ನೋಡಿ ಬೀಗರೇ, ಕಣ್ಣು ನೋಡಿ, ಹೆಂಗೆ ಹೊಳೀತಿದೆ! ಕಿವಿರು ನೋಡಿ, ಕೆಂಪೋ ಕೆಂಪು! ಇವತ್ತು ಬೆಳಗಿನ ಜಾವ ಬಲೆಗೆ ಬಿದ್ದಿದ್ದು!”

ತೋಟವಿಡೀ ಮಾರ್ದನಿಗೊಟ್ಟಿತು. ರೊಸಾಲ್ಬಾಳ ಮುಖ ಸಣ್ಣದಾಯಿತು.

“ಸ್ವಾಮೀ, ಇದು ಎಂಟು ವರ್ಷ ಹಳೇದು.”

ಮಾನ ಹೋಗುತ್ತಿದೆ ಎಂದು ಅರಿವಾದದ್ದೇ ಅಲ್ಫಿಯೋ ಅದನ್ನು ಹಿಡಿದು ನಿಲ್ಲಿಸಲು ಗ್ಲಾಸನ್ನು ಇನ್ನೂ ಜೋರಾಗಿ ತಿರುಗಿಸಿದ. ಗ್ಲಾಸು ನಿಂತಿತು, ವೈನ್ ನಿಲ್ಲಲಿಲ್ಲ. ಅದು ಮೇಜು ದಾಟಿ ಹಾರಿ ಎಲ್ವೀರಾ ಅವರ ಕೆನೆಬಣ್ಣದ ರೇಷ್ಮೆಯ ಮೇಲೆ ಹೋಗಿ ಕುಳಿತಿತು!

“ಉಪ್ಪು! ಉಪ್ಪು ಹಾಕಿದ್ರೆ ಕಲೆ ಹೋಗತ್ತೆ!” ವೆನೆರಾ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನೇ ಬೀಗಿತ್ತಿಯ ಮಡಿಲಿಗೆ ಬರಿದು ಮಾಡಿದಳು. ಅಲ್ಫಿಯೋ ನ್ಯಾಪ್‌ಕಿನ್ನಿನಿಂದ ತಿಕ್ಕಿದ. ಸಣ್ಣ ಕಲೆ ದೊಡ್ಡದಾಯಿತು.

“ನಿಮ್ಮ ಕಡೆ ಅತಿಥಿಗಳನ್ನ ಉಪ್ಪು ಹಾಕಿ ಇಡ್ತೀರಾ, ಸಿನ್ಯೋರ್ ಅಲ್ಫಿಯೋ?” ಎಂದರು ಎಲ್ವೀರಾ.

ಅವನು ಉತ್ತರ ಹುಡುಕುವಷ್ಟರಲ್ಲಿ ಬೆಟ್ಟಮ್ಮ ಉತ್ತರಿಸಿದಳು. ಢಂ! ಮೇಜು ನಡುಗಿತು. ಗ್ಲಾಸುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಬೀಗರಿಬ್ಬರೂ ಮೇಜಿನ ಕೆಳಗೆ ಮಾಯ!

“ಅಯ್ಯೋ ದೇವರೇ, ಬಟ್ಟೆ ಒಣಹಾಕಿ ಬಂದಿದೀನಿ!” ಎಂದು ವೆನೆರಾ ತಲೆ ಚಚ್ಚಿಕೊಂಡಳು.

ಅತ್ತೆ ಮೇಲೆ ನೋಡದೆಯೇ ಕೊಡೆ ಬಿಚ್ಚಿದಳು. ಮರುಕ್ಷಣ ಕರೀ ಮರಳಿನಂಥ ಬೂದಿ ಚಟಪಟ ಸುರಿಯಲು ಶುರುವಾಯಿತು. ಬೂದಿ ಬಿದ್ದರೆ ನಮ್ಮವರು ತಲೆಗೆ ಏನಾದರೂ ಹೊದ್ದು ಮಾತು ಮುಂದುವರಿಸುತ್ತಾರೆ. ಆದರೆ ಮೇಜಿನ ಕೆಳಗಿನಿಂದ ಎಲ್ವೀರಾ ಎಲ್ಲ ಸಂತರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಅಲ್ಫಿಯೋ ಕೋಟು ಬಿಚ್ಚಿ ಬೀಗರ ತಲೆಯ ಮೇಲೆ ಹಿಡಿದು, “ಹೆದರ್ಬೇಡಿ, ಅಕ್ಷತೆ ಹಾಕ್ತಿದಾಳೆ ಅಂದ್ಕೊಳ್ಳಿ!” ಎನ್ನುತ್ತಾ ಅವರನ್ನು ದ್ರಾಕ್ಷಿ ಹಿಂಡುವ ಹಳೇ ಕಲ್ಲಿನ ಗಾಣದ ಮನೆಗೆ ಓಡಿಸಿದ. ಬಾಟಲಿಗಳೆಲ್ಲ ಬಾಯಿ ತೆರೆದುಕೊಂಡು ಹೊರಗೇ ಉಳಿದು ಬೂದಿ ಕುಡಿದವು. ಕಟ್ಟಕಡೆಗೆ, ಒಂದಿಷ್ಟೂ ಆತುರವಿಲ್ಲದೆ ಅತ್ತೆ ಬಂದಳು. ಕೊಡೆಯ ಕೆಳಗೆ ಅವಳಿರಲಿಲ್ಲ, ಹೂಜಿ ಇತ್ತು.

“ಅಮ್ಮಾ, ತಲೆಯೆಲ್ಲಾ ಕಪ್ಪಾಗಿದೆ! ಕೊಡೆ ನೀನು ಹಿಡ್ಕೋಬಾರದಾ?”

“ತಲೆ ತೊಳೀಬಹುದು ಕಣೇ. ವೈನ್ ತೊಳಿಯೋಕಾಗತ್ತಾ?”

ಒಳಗೆ ಎಲ್ವೀರಾ ಉಡುಪು ಕೊಡವಿದರು. ಉಪ್ಪು, ಬೂದಿ, ವೈನ್ ಮೂರೂ ಸೇರಿ ಅಲ್ಲಿ ಒಂದು ಹೊಸ ಬಣ್ಣ ಹುಟ್ಟಿತ್ತು.

“ಇಲ್ಲಿ ಮದುವೆನಾ? ಬೆಳ್ಳಗೆ ಬಂದ ಮದುಮಗಳು ಚರ್ಚಿನ ಬಾಗಿಲು ದಾಟೋದರೊಳಗೆ ಕಪ್ಪು ಬಟ್ಟೆ ವಿಧವೆ ಥರ ಆಗಿರ್ತಾಳೆ!”

“ಹಾಗೇನಿಲ್ಲ, ಇದು ಅಪರೂಪಕ್ಕೆ ಒಂದ್ಸಲ...” ಎಂದು ಅಲ್ಫಿಯೋ ಬಾಯಿ ತೆರೆದ. ಢಂ! ಎಂದಳು ಬೆಟ್ಟಮ್ಮ.

ಒತ್ತಾವಿಯೋ ಗಡಿಯಾರ ನೋಡಿದರು. “ವಿಮಾನ ಎಷ್ಟೊತ್ತಿಗೆ?”

ಅಲ್ಫಿಯೋ ಗೋಡೆಗೆ ಒರಗಿದ. ಮುಗಿಯಿತು. ಮಗಳ ಮದುವೆ ದೂರದ ಚಳಿಯೂರಿನಲ್ಲಿ, ಮಂಜಿನ ನಡುವೆ, ಯಾರ ಗುರುತೂ ಇಲ್ಲದ ಛತ್ರದಲ್ಲಿ. ತಾನು ಅಲ್ಲಿ ನೆಂಟನ ಹಾಗೆ ಮೂಲೆಯಲ್ಲಿ ಕೂರಬೇಕು. ಅಗಾತಾ ಪುಟ್ಟವಳಿದ್ದಾಗ ಅವನ ಹೆಗಲೇರಿ ಇದೇ ಊರ ಚರ್ಚಿನ ಮೆಟ್ಟಿಲು ಹತ್ತಿದ್ದು ಕಣ್ಣಿಗೆ ಕಟ್ಟಿತು. ನಿಜವಾಗಿಯೂ ಅಳು ಬಂತು. ಬೂದಿ ಬಿತ್ತೆಂದು ಹೇಳಿ ಕಣ್ಣೊರೆಸಿಕೊಂಡ.

ಆಗ ಮೂಲೆಯಿಂದ ಕಚಕ್, ಕಚಕ್ ಎಂಬ ಸದ್ದು. ಅತ್ತೆ ಗಾಣದ ಕಟ್ಟೆಯ ಮೇಲೆ ಕುಳಿತು, ಚೀಲದಿಂದ ನಮ್ಮ ಬೆಟ್ಟದ ಚಪ್ಪಟೆ ಪೀಚ್ ಹಣ್ಣುಗಳನ್ನು ಒಂದೊಂದಾಗಿ ತೆಗೆದು, ಕಿರುಚೂರಿಯಿಂದ ಹೋಳು ಮಾಡಿ ಹೂಜಿಗೆ ಹಾಕುತ್ತಿದ್ದಳು!

ರೊಸಾಲ್ಬಾ ಎದೆ ಹಿಡಿದುಕೊಂಡಳು. ಅಲ್ಫಿಯೋ ಒಂದೇ ನೆಗೆತಕ್ಕೆ ಅಲ್ಲಿದ್ದ.

“ಅತ್ತೇ! ಪೀಚ್ ಹಣ್ಣು ವೈನಿಗೆ ಹಾಕೋದು ಅಡುಗೆಮನೆಯಲ್ಲಿ, ಬನಿಯನ್ ಹಾಕ್ಕೊಂಡು ಕೂತಾಗ! ಪಿಯೆಮೊಂತೆಯವರ ಮುಂದೆ ಅಲ್ಲ! ಇದ್ದಬದ್ದ ಮಾನಾನೂ ಹೋಳು ಮಾಡಿ ಹಾಕ್ತಿದೀರಲ್ಲ!”

“ನಿನ್ನ ಮಾನ ಇದರಲ್ಲಿ ಹಾಕಿಲ್ಲ ಬಿಡು, ರುಚಿ ಕೆಡತ್ತೆ. ಮನೆಬಾಗಿಲಿಗೆ ಬಂದ ಬೀಗರನ್ನ ಬರಿಬಾಯಲ್ಲಿ ಕಳಿಸೋದು ನಮ್ಮ ವಂಶದಲ್ಲೇ ಇಲ್ಲ. ಗ್ಲಾಸು ಕೊಡು.”

ಗೋಡೆಯ ಗೂಡಿನಲ್ಲಿದ್ದ ಗ್ಲಾಸುಗಳನ್ನು ಇಳಿಸಿ ಕೊಟ್ಟ. ಇನ್ನೇನು ಮಾಡುತ್ತಾನೆ? ಅತ್ತೆ ಹೋಳು ಸಮೇತ ತುಂಬಿಸಿ, ಬೀಗರ ಕೈಗೇ ಇಟ್ಟಳು. ಒತ್ತಾವಿಯೋ ಅದನ್ನು ನೋಡಿದರು. ಒಂದು ಹೋಳು ಬಾಯಿಗೆ ಹಾಕಿಕೊಂಡರು. ಒಂದು ಗುಟುಕು ಕುಡಿದರು. ಎಲ್ಲರೂ ಅವರ “ಹೂಂ” ಬರುವುದನ್ನು ಕಾದರು. ಬರಲಿಲ್ಲ! ಇನ್ನೊಂದು ಹೋಳು ಹೋಯಿತು. ಇನ್ನೊಂದು ಗುಟುಕು. ಅವರ ಕಣ್ಣು ಒದ್ದೆಯಾಯಿತು.

“ನಮ್ಮಜ್ಜ ಬೇಸಿಗೇಲಿ ಹಿಂಗೇ ಮಾಡ್ಕೊಡೋನು. ಹೊಲದ ಬದೀಲಿ ಕೂರಿಸ್ಕೊಂಡು, ತನ್ನ ಲೋಟದಿಂದ ಹೋಳು ತೆಗೆದು ನನ್ನ ಬಾಯಿಗಿಡೋನು. ನಲವತ್ತು ವರ್ಷದಿಂದ ದೊಡ್ಡ ದೊಡ್ಡ ವೈನ್ ಕುಡಿದಿದೀನಿ. ಇಂಥಾದ್ದು ಎಲ್ಲೂ ಸಿಕ್ಕಿಲ್ಲ.”

ಎಲ್ವೀರಾ ಗಂಡನನ್ನು ಬೆರಗಾಗಿ ನೋಡಿದರು. ಮದುವೆಯಾದಂದಿನಿಂದ ಆ ಬಾಯಲ್ಲಿ ಒಟ್ಟಿಗೆ ಇಷ್ಟು ಮಾತು ಕೇಳಿದ್ದೇ ಇಲ್ಲವಂತೆ! ತಾವೂ ಗ್ಲಾಸು ಚಾಚಿದರು. ಒಂದು ಗುಟುಕಾಯಿತು, ಎರಡಾಯಿತು. ಮೂಗಿನ ತುದಿಯ ಬೂದಿ ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಬೆರಳಲ್ಲಿ ತಳದ ಹೋಳು ಹುಡುಕಿದರು. ಹೊರಗೆ ಬೆಟ್ಟಮ್ಮ ಮತ್ತೆ ಢಂ ಎಂದಾಗ, “ಸ್ವಲ್ಪ ಸುಮ್ಮನಿರೇ ತಾಯಿ, ತಿಂತಾ ಇದೀವಿ!” ಎಂದು ಗದರಿದರು.

“ಮದುವೆ?” ಎಂದರು ಒತ್ತಾವಿಯೋ, ಹೆಂಡತಿಯ ಮುಖ ನೋಡಿ.

“ಇಲ್ಲೇ ಆಗ್ಲಿ ಬಿಡಿ.”

“ಬಿಳೀ ಉಡುಪಿಗೆ ಬೂದಿ?”

“ಕೊಡೆ ಹಿಡಿಸೋಣ!”

ಗೆದ್ದ! ನಮ್ಮ ಅಲ್ಫಿಯೋ ಗೆದ್ದ! ಪಿಯೆಮೊಂತೆಯ ಕೋಟೆ ಪೀಚ್ ಹಣ್ಣಿನ ಏಟಿಗೆ ಉರುಳಿಬಿತ್ತು! ಅವನು ಬೀಗರ ಎರಡು ಕೆನ್ನೆಗೂ ಮುತ್ತಿಟ್ಟ, ರೊಸಾಲ್ಬಾಳ ಕೈಹಿಡಿದು ಗಾಣದ ಸುತ್ತ ಕುಣಿಸಿದ, ಬಾಗಿಲಿಗೆ ಓಡಿ ಬೆಟ್ಟದತ್ತ ಎರಡೂ ಕೈ ಚಾಚಿ ಮೀನುಪೇಟೆಯ ಗಂಟಲಲ್ಲಿ ಜಯಘೋಷ ಹಾಕಿದ. ವೆನೆರಾ ಆಗಲೇ ಫೋನಿನಲ್ಲಿ ರೊಟ್ಟಿ ಅಂಗಡಿಯವಳಿಗೆ ಸುದ್ದಿ ಮುಟ್ಟಿಸುತ್ತಾ ಅಳುತ್ತಾ ನಗುತ್ತಿದ್ದಳು.

“ಹೇಳಿರ್ಲಿಲ್ವೇನೇ?” ಅಲ್ಫಿಯೋ ಎದೆಯುಬ್ಬಿಸಿ ಹೆಂಡತಿಯ ಮುಂದೆ ನಿಂತ. “ವೈನ್ ಅಂದ್ರೇನು ಅಂತ ತಿಳಿದೋನು ತಿಳಿಸಿ ಹೇಳಿದ್ರೆ ಕಲ್ಲೂ ಕರಗತ್ತೆ! ಎಲ್ಲಾ ನನ್ನ ಮಾತಿನ ಮಹಿಮೆ!”

“ಒಂದೇ ಷರತ್ತು,” ಎಂದರು ಒತ್ತಾವಿಯೋ. “ಮದುವೆ ಊಟಕ್ಕೆ ಇದೇ ವೈನ್ ಬೇಕು. ಇನ್ನೂರು ಜನಕ್ಕೆ. ಯಾವುದಿದು?”

ಎಲ್ಲರೂ ರೊಸಾಲ್ಬಾಳತ್ತ ತಿರುಗಿದರು. ಅವಳು ಕುಣಿದ ಏದುಸಿರಿನಲ್ಲೇ ಹೂಜಿಯತ್ತ ನೋಡಿ ಕೆಮ್ಮಿದಳು.

“ಅದು... ಅದು ನಮ್ಮಲ್ಲಿ ಬಾಟಲೀಲಿ ಬರಲ್ಲ.”

“ಮತ್ತೆ?”

ಅತ್ತೆ ಚೂರಿಯನ್ನು ತನ್ನ ಶಾಲಿನ ತುದಿಗೆ ಒರೆಸಿ ಚೀಲದೊಳಗಿಟ್ಟಳು.

“ಅದೇನು ಬ್ರಹ್ಮವಿದ್ಯೆ ಅಲ್ಲ ಬೀಗರೇ. ನೀವೆಲ್ಲ ಸುಮ್ಮನೆ ಕೂತು ಕುಡಿದ್ರಿ, ನಿಮ್ಮ ಗ್ಲಾಸು ಖಾಲಿ. ನನ್ನ ಅಳಿಯ ತಿರುಗಿಸಿದ, ಮೂಸಿದ, ಭಾಷಣ ಮಾಡಿದ, ಕುಡಿಯೋದು ಮರೆತ. ಅವನ ಮಾತು ಮುಗಿಯೋ ಹೊತ್ತಿಗೆ ಮುಂದಿನ ಬಾಟ್ಲಿ ಬಂದಿರೋದು. ಎಲ್ಲಾನೂ ತಂದು ಈ ಹೂಜಿಗೇ ಸುರಿದ. ಇದು ಅಷ್ಟೂ ಅವನು ಕುಡೀದೆ ಬಿಟ್ಟಿದ್ದು.”

ಅಲ್ಫಿಯೋ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಅವನದೇ ಅಂಗಡಿಯ ಮೀನಿನಂತೆ ಕಾಣುತ್ತಿದ್ದ. ಒತ್ತಾವಿಯೋ ಬರಿದಾದ ಹೂಜಿಯನ್ನು ನೋಡಿದರು, ಅಲ್ಫಿಯೋನನ್ನು ನೋಡಿದರು, ಆಮೇಲೆ ಬಂದು ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

“ಹಾಗಿದ್ರೆ ಬೀಗರೇ, ಯಾಕೆ ನಿಲ್ಲಿಸಿದ್ರಿ? ಇನ್ನೂರು ಜನಕ್ಕಾಗೋಷ್ಟು ಮಾತಾಡ್ಬೇಕು ನೀವು!”