ಡೇಟಾಬೇಸಿನ ತಲೆ ಬಾಚಿದ್ದು

ನೀವು ಇದನ್ನು ನಂಬುವುದಿಲ್ಲ. ನಂಬಿ ಎಂದು ನಾನು ಒತ್ತಾಯ ಮಾಡುವುದೂ ಇಲ್ಲ, ಏಕೆಂದರೆ ನಾನು ಹೇಳಿದ್ದನ್ನು ಮೊದಲ ಸಲಕ್ಕೇ ನಂಬುವವರು ನಮ್ಮ ಮನೆಯಲ್ಲೇ ಯಾರೂ ಇಲ್ಲ. ಆದರೂ ಹೇಳುತ್ತೇನೆ. ಇಂಟರ್ ಎರಡನೇ ವರ್ಷದಲ್ಲಿ, ಅಂದರೆ ನಿಮ್ಮ ಕಡೆಯ ಪಿಯುಸಿಯಲ್ಲಿ, ಓದುತ್ತಿರುವ, ಪರೀಕ್ಷೆಯ ಮಾರ್ಕ್ಸಿನ ವಿಷಯ ಬಂದಾಗ ನೀರು ಕುಡಿಯಲು ಎದ್ದು ಹೋಗುವ ನಾನು, ಹೈದರಾಬಾದಿನ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಕುಳಿತು, ದೇಶವಿದೇಶದ ದೊಡ್ಡ ದೊಡ್ಡ ಆಫೀಸುಗಳು ತಮ್ಮ ಮಾಹಿತಿಯನ್ನೆಲ್ಲ ತುಂಬಿಡುವ ಒಂದು ಡೇಟಾಬೇಸ್ ಪ್ರೋಗ್ರಾಮನ್ನು ಒಂದೇ ಮಧ್ಯಾಹ್ನದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಬದಲಾಯಿಸಿಬಿಟ್ಟೆ. ಏನು ಬದಲಾಯಿಸಿದೆ ಎಂದು ಮಾತ್ರ ಕೇಳಬೇಡಿ. ಅದು ನನಗೂ ಇನ್ನೂ ಸರಿಯಾಗಿ ಗೊತ್ತಾಗಿಲ್ಲ.

ಇದಕ್ಕೆಲ್ಲ ಮೂಲ ಒಂದು ಶಾಲು. ಸಿಕಂದರಾಬಾದಿನ ಒಂದು ಸಭಾಭವನದಲ್ಲಿ ನಮ್ಮ ಕನ್ನಡ ಸಂಘದವರು ಪ್ರತಿವರ್ಷ ರಾಜ್ಯೋತ್ಸವ ಮಾಡುತ್ತಾರೆ. ಹೆಚ್ಚು ಅಂಕ ತೆಗೆದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಸಂಘದ ಕಾರ್ಯದರ್ಶಿ ಗುರುಪಾದಪ್ಪ ಕಾಕಾ. ಅಪ್ಪ ಕೆಲಸ ಮಾಡುವ ಕೇಂದ್ರ ಸರ್ಕಾರದ ಫ್ಯಾಕ್ಟರಿಯಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಶಾಲು ಮಾತ್ರ ಪ್ರತಿವರ್ಷವೂ ಕಾಕಾನ ಮೊಮ್ಮಗಳ ಹೆಗಲಿಗೇ ಹೋಗಿ ಕೂರುತ್ತದೆ, ಶಾಲಿಗೆ ಅವಳ ಮನೆಯ ದಾರಿ ರೂಢಿಯಾಗಿರುವ ಹಾಗೆ. ನಾನು ಕೆಳಗೆ ಕುಳಿತು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟುತ್ತೇನೆ. ಈ ಸಲ ಅಂಕದ ಜೊತೆಗೆ ‘ವಿಶೇಷ ಸಾಧನೆ’ಗೂ ಒಂದು ಶಾಲು ಉಂಟು ಎಂದು ಸುದ್ದಿ ಬಂದಾಗ, ಇದು ನನಗೋಸ್ಕರವೇ ನೇಯ್ದದ್ದು ಎನ್ನಿಸಿತು. ಸಾಧನೆಯೊಂದು ಬಾಕಿ ಇತ್ತು, ಅಷ್ಟೇ.

ಈಗಿನ ಹೈದರಾಬಾದಿನಲ್ಲಿ ಸಾಧನೆ ಎಂದರೆ ಸಾಫ್ಟ್‌ವೇರ್. ನಮ್ಮ ಬಿಲ್ಡಿಂಗಿಗೆ ಹಾಲು ಹಾಕುವವರ ಮಗ ಅಮೀರ್‌ಪೇಟೆಯಲ್ಲಿ ಜಾವಾ ಕಲಿಯುತ್ತಿದ್ದಾನೆ. ಲಿಫ್ಟ್ ರಿಪೇರಿಗೆ ಬಂದವನು ಅಪ್ಪನನ್ನು ನೋಡಿ, ‘ಸಾರ್, ನಿಮ್ಮದು ಯಾವ ಪ್ಲಾಟ್‌ಫಾರ್ಮು’ ಎಂದು ಕೇಳಿದ್ದಾನೆ. ಅಪ್ಪ ಸ್ಟೇಷನ್ನಿನ ವಿಷಯ ಅಂದುಕೊಂಡು, ‘ಎಲ್ಲೂ ಹೋಗಾಕತ್ತಿಲ್ಲಪಾ’ ಎಂದಿದ್ದಾರೆ. ಹೀಗಾಗಿ ನಾನು ಮೇಲಿನ ಮಹಡಿಯ ಪ್ರವೀಣ್ ಅಣ್ಣನ ಹಿಂದೆ ಬಿದ್ದೆ. ಅವರು ಕೊಂಡಾಪುರದಲ್ಲಿ ಕೆಲಸ ಮಾಡುವ ತೆಲುಗಿನವರು. ಆ ಡೇಟಾಬೇಸಿನ ವಿಷಯ ಹೇಳಿದವರು ಅವರೇ. ಅದು ಯಾವ ಕಂಪನಿಯದೂ ಅಲ್ಲವಂತೆ. ಊರೂರಿನ ಜನ ಸೇರಿ ಬರೆದದ್ದಂತೆ. ತಪ್ಪು ಕಂಡರೆ ಯಾರು ಬೇಕಾದರೂ ತಿದ್ದಿ ಕಳಿಸಬಹುದಂತೆ. ಆ ತಿದ್ದುಪಡಿಗೆ ಪ್ಯಾಚ್ ಎಂದು ಹೆಸರು. ಅದನ್ನು ನೋಡಿಕೊಳ್ಳುವ ಹಿರಿಯರು ಒಪ್ಪಿದರೆ ಕಳಿಸಿದವರ ಹೆಸರೂ ಸೇರುತ್ತದೆ. ಹೆಸರು ಸೇರುತ್ತದೆ ಎಂದ ಮೇಲೆ ಅವರು ಹೇಳಿದ ಉಳಿದ ಮಾತು ನನಗೆ ಅಷ್ಟಾಗಿ ಕೇಳಿಸಲಿಲ್ಲ.

ಒಂದು ವಾರ ಹುಡುಕಿ ಒಂದು ತಪ್ಪು ಹಿಡಿದೆ. ಕೋಡಿನ ಮೇಲೆ, ಓದುವವರಿಗೆಂದು ಬರೆದಿಟ್ಟ ಟಿಪ್ಪಣಿಯ ಒಂದು ಸಾಲಿನಲ್ಲಿ ‘ಅಲ್ಲ’ ಎನ್ನುವ ಅರ್ಥದ ಇಂಗ್ಲಿಷ್ ಪದ ಬಿಟ್ಟುಹೋಗಿತ್ತು. ಆ ಪದ ಸೇರಿಸಿದೆ. ಪ್ರವೀಣ್ ಅಣ್ಣ ನೋಡಿ, ‘ಬಾಗುಂದಿ’ ಎಂದು ಮೆಚ್ಚಿಕೊಂಡರು. ಕಳಿಸುವ ಮೊದಲು ಫಾರ್ಮ್ಯಾಟರ್ ಓಡಿಸು ಎಂದೂ ಹೇಳಿದರು. ಫಾರ್ಮ್ಯಾಟರ್ ಎಂದರೆ ಕೋಡಿಗೆ ಬಾಚಣಿಗೆ ಇದ್ದ ಹಾಗೆ. ಅರ್ಥಕ್ಕೆ ಕೈ ಹಚ್ಚುವುದಿಲ್ಲ, ಅಂದಚಂದಕ್ಕೆ ಮಾತ್ರ. ಯಾವ ಸಾಲು ಎಷ್ಟು ಒಳಗೆ ಸರಿಯಬೇಕು, ಬ್ರಾಕೆಟ್ಟು ಎಲ್ಲಿ ಕೂರಬೇಕು, ಎಲ್ಲಿ ಎಷ್ಟು ಜಾಗ ಬಿಡಬೇಕು ಎಂದೆಲ್ಲ ತಾನೇ ನೋಡಿಕೊಂಡು ಬಾಚಿಬಿಡುತ್ತದೆ. ಅಷ್ಟು ಕೇಳಿ ನಾನು ಮೆಟ್ಟಿಲಿಳಿದೆ. ಅವರು ಹಿಂದಿನಿಂದ ಇನ್ನೂ ಏನೋ ಕೂಗಿ ಹೇಳಿದರು. ಬೈ ಇರಬೇಕು ಅಂದುಕೊಂಡು ಕೈ ಬೀಸಿದೆ.

ಫಾರ್ಮ್ಯಾಟರಿಗೆ ಒಂದು ಫೈಲಿನ ಹೆಸರು ಕೊಡಬಹುದು, ಇಡೀ ಫೋಲ್ಡರನ್ನೂ ಕೊಡಬಹುದು. ತಲೆ ಬಾಚುವವರು ಒಂದೇ ಕೂದಲನ್ನು ಬಾಚುತ್ತಾರೆಯೇ? ನಾನು ಇಡೀ ಫೋಲ್ಡರನ್ನು ಕೊಟ್ಟೆ. ಕಂಪ್ಯೂಟರಿನ ಫ್ಯಾನು ಅಮ್ಮನ ಮಿಕ್ಸಿಯ ಹಾಗೆ ಅರಚಿತು. ಮುಗಿದ ಮೇಲೆ ಏನೇನು ಬದಲಾಗಿದೆ ತೋರಿಸು ಎಂದರೆ, ಪರದೆಯ ತುಂಬ ಕೆಂಪು ಸಾಲು, ಹಸಿರು ಸಾಲು. ಕೆಳಗೆ ಹೋದಷ್ಟೂ ಕೆಂಪು ಹಸಿರು, ಕೆಂಪು ಹಸಿರು. ಎಡಕ್ಕೆ ಬೈತಲೆ ತೆಗೆದಿದ್ದ ಸಾವಿರಾರು ಫೈಲುಗಳಿಗೆ ನನ್ನ ಬಾಚಣಿಗೆ ಬಲಕ್ಕೆ ಬೈತಲೆ ತೆಗೆದಿತ್ತು. ನಾನು ಸೇರಿಸಿದ ‘ಅಲ್ಲ’ ಆ ಜಾತ್ರೆಯಲ್ಲಿ ಎಲ್ಲಿ ಕಳೆದುಹೋಯಿತೋ ಸಿಗಲಿಲ್ಲ. ಗಾಬರಿಯಾಗಿ ಇನ್ನೊಮ್ಮೆ ಓಡಿಸಿದೆ. ಮೊದಲು ಬದಲಾಗದಿದ್ದ ಇನ್ನಷ್ಟು ಸಾಲುಗಳು ಬದಲಾದವು. ಒಮ್ಮೆ ಬಾಚಿದ ತಲೆಯನ್ನು ಅದೇ ಬಾಚಣಿಗೆ ಮತ್ತೆ ಬೇರೆ ಥರ ಬಾಚುವುದೇಕೆ? ಯಾರನ್ನಾದರೂ ಕೇಳಬಹುದಿತ್ತು. ಆದರೆ ಕೇಳಿದರೆ ಗೊತ್ತಿಲ್ಲ ಎಂದು ಗೊತ್ತಾಗುತ್ತದೆ. ಬಹಳ ಯೋಚಿಸಿದ ಮೇಲೆ ನನಗೆ ಹೊಳೆದ ಉತ್ತರ ಒಂದೇ: ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ್ದೇನೆ. ಎಲ್ಲವನ್ನೂ ಕಟ್ಟಿ ಕಳಿಸಿದೆ.

ಆಮೇಲೆ ಸಂಘದಲ್ಲಿ ಸುದ್ದಿ ಹರಡುವ ಕೆಲಸ. ಅದಕ್ಕೆ ಫಾರ್ಮ್ಯಾಟರ್ ಬೇಕಾಗಲಿಲ್ಲ, ನಾನೇ ಸಾಕಾದೆ. ಮರುದಿನ ಸಂಜೆ ಗುರುಪಾದಪ್ಪ ಕಾಕಾ ಪೆನ್ನು, ಹಾಳೆ ಹಿಡಿದು ಮನೆಗೇ ಬಂದರು. ಅಪ್ಪ ಇನ್ನೂ ಫ್ಯಾಕ್ಟರಿಯಿಂದ ಬಂದಿರಲಿಲ್ಲ. ಅಮ್ಮ ಕಾಕಾನ ಕೈಗೆ ಒಂದು ತಟ್ಟೆ ಮಂಡಕ್ಕಿ ಸೂಸಲ ಕೊಟ್ಟು ಒಳಗೆ ಹೋದಳು.

‘ತೋರಸವಾ ಶ್ವೇತಾ’ ಎಂದರು ಕಾಕಾ ಕಂಪ್ಯೂಟರಿನ ಮುಂದೆ ಕುಳಿತು. ‘ಸ್ಟೇಜ್ ಮ್ಯಾಲೆ ನಿನ್ನ ಬಗ್ಗೆ ನಾ ಏನಂತ ಹೇಳ್ಲಿ?’

ನಾನು ಪರದೆಯನ್ನು ಕೆಳಗೆ ಓಡಿಸಿದೆ. ಕೆಂಪು, ಹಸಿರು, ಕೆಂಪು, ಹಸಿರು. ಕಾಕಾ ಸೂಸಲ ತಿನ್ನುವುದನ್ನೇ ಮರೆತರು.

‘ಇಷ್ಟೆಲ್ಲಾ ನೀನ ಮಾಡೀಯೇನು?’

‘ನಾನ ಮಾಡ್ಸೇನ್ರಿ ಕಾಕಾ.’

‘ಕೆಂಪು ಯಾವುದು?’

‘ಅದು ಮೊದ್ಲ ಇದ್ದದ್ರಿ.’

‘ಹಸರು?’

‘ಅದು ನಂದ್ರಿ.’

ಕಾಕಾ ಕನ್ನಡಕ ಏರಿಸಿ ಒಂದು ಕೆಂಪು ಸಾಲು ಓದಿದರು, ಅದರ ಕೆಳಗಿನ ಹಸಿರು ಸಾಲು ಓದಿದರು, ಮತ್ತೆ ಕೆಂಪಿಗೆ ಹೋದರು. ‘ಯವ್ವಾ, ಎರಡೂ ಒಂದ ಇದ್ದಂಗ ಐತಲ್ಲ.’

‘ಇಲ್ರಿ. ಈ ಬ್ರಾಕೆಟ್ ಮೊದ್ಲ ಸಾಲಿನ ಕೊನೀಗೆ ಇತ್ತು. ಈಗ ಕೆಳಗ ಇಳದೈತಿ ನೋಡ್ರಿ.’

‘ಇಳದ್ರ ಏನಾಕ್ಕೈತಿ?’

‘ಏನೂ ಆಗೂದಿಲ್ರಿ.’

‘ಇಳೀದಿದ್ರ?’

‘ಆಗ್ಲೂ ಏನೂ ಆಗ್ತಿದ್ದಿಲ್ರಿ.’

ಕಾಕಾ ಕನ್ನಡಕ ಕೆಳಗಿಳಿಸಿದರು. ‘ಫ್ಯಾಕ್ಟರಿಯಾಗ ನಾವು ಇದಕ್ಕ ಓವರ್‌ಟೈಮ್ ಅಂತಿದ್ವಿ’ ಎಂದರು. ಬರೆಯುತ್ತಾರೋ ಬಿಡುತ್ತಾರೋ ಎನ್ನುವ ಹಾಗೆ ಪೆನ್ನು ಗಾಳಿಯಲ್ಲಿ ನಿಂತಿತ್ತು. ಶಾಲು ನನ್ನ ಹೆಗಲಿಗೂ ಅವರ ಮೊಮ್ಮಗಳ ಹೆಗಲಿಗೂ ನಡುವೆ ತೂಗಾಡಿತು. ಅಷ್ಟರಲ್ಲಿ ಮೇಲ್ ಬಂದ ಸದ್ದಾಯಿತು. ಆ ಡೇಟಾಬೇಸಿನ ಹಿರಿಯರೊಬ್ಬರ ಉತ್ತರ. ಇಂಗ್ಲಿಷಿನಲ್ಲಿ ಉದ್ದಕ್ಕೆ ಇತ್ತು.

‘ಏನಂತಾರ?’ ಎಂದರು ಕಾಕಾ.

ನಾನು ಸುಳ್ಳು ಹೇಳಲಿಲ್ಲ. ಅದಕ್ಕೆ ಸೂಸಲದ ತಟ್ಟೆಯೇ ಸಾಕ್ಷಿ. ‘ಇಷ್ಟು ದೊಡ್ಡ ಪ್ಯಾಚ್ ಹೊಸಬರು ಯಾರೂ ಕಳಿಸಿದ್ದಿಲ್ಲಂತ್ರಿ’ ಎಂದೆ. ಅದು ಇತ್ತು. ‘ಇದು ಎಲ್ಲಾರ ಕೆಲಸಕ್ಕೂ ತಟ್ಟತೈತಂತ.’ ಅದೂ ಇತ್ತು. ‘ನಾ ಸೇರಿಸಿದ ಒಂದು ಪದ ಭಾಳ ಛಲೋ ಐತಂತ, ಅದನ್ನ ಬ್ಯಾರೆ ಕಳಿಸಿದ್ರ ತಗೋತಾರಂತ.’ ಅದಂತೂ ಅಕ್ಷರಕ್ಕೆ ಅಕ್ಷರ ಇತ್ತು.

‘ಭಾಪರೆ’ ಎಂದು ಕಾಕಾ ಪೆನ್ನನ್ನು ಹಾಳೆಗೆ ಊರಿದರು.

‘ನಡುವಿಂದು ಬಿಟ್ಟಿ ನೋಡು’ ಎಂದಿತು ಹಿಂದಿನಿಂದ ಒಂದು ದನಿ.

ಅಪ್ಪ. ಬುತ್ತಿಚೀಲ ಇನ್ನೂ ಹೆಗಲ ಮೇಲೇ ಇತ್ತು. ಅಪ್ಪನಿಗೆ ಕಂಪ್ಯೂಟರ್ ಬರುವುದಿಲ್ಲ, ಇಂಗ್ಲಿಷ್ ಬರುತ್ತದೆ. ಇದು ನನ್ನ ಯೋಜನೆಯಲ್ಲಿ ಇರಲಿಲ್ಲ. ಬಗ್ಗಿ, ಪರದೆಯ ಮೇಲೆ ಬೆರಳಿಟ್ಟು, ಫ್ಯಾಕ್ಟರಿಯಲ್ಲಿ ನೋಟಿಸು ಓದುವವರ ಹಾಗೆ ಒಂದೇ ದನಿಯಲ್ಲಿ ಕನ್ನಡ ಮಾಡಿದರು. ‘ನಿನ್ನ ಉಮೇದಿಗೆ ಉಪಕಾರ. ಆದ್ರ ನೀ ಮುಟ್ಟಿದ್ದಷ್ಟ ಸಾಲು ಸರಿ ಮಾಡವಾ. ಉಳಿದದ್ದನ್ನ ನಾವು ವರ್ಷಕ್ಕೊಮ್ಮೆ, ಎಲ್ಲಾರೂ ಕೈಯಾಗಿನ ಕೆಲಸ ಮುಗಿಸಿದ ಮ್ಯಾಲೆ, ಮಷೀನಿನ ಕಡಿಂದ ಮಾಡಸ್ತೇವಿ. ಈಗ ನಿಂದು ತಗೊಂಡ್ರ ಉಳಿದವರು ಅರ್ಧಕ್ಕ ಇಟ್ಟ ಕೆಲಸ ಯಾವುದೂ ಇದರ ಜೋಡಿ ಕೂಡಿಕೊಳ್ಳೂದಿಲ್ಲ.’ ಓದಿ ಮುಗಿಸಿ ನೆಟ್ಟಗೆ ನಿಂತರು. ‘ಅಂದ್ರ ಇದನ್ನ ಮಾಡಿದ್ದು ಮಷೀನ್ ಏನು?’

ಕಾಕಾ ಪೆನ್ನಿಗೆ ಟೋಪಿ ಹಾಕಿದರು. ಆ ‘ಟಿಕ್’ ನನಗೆ ಸಿಕಂದರಾಬಾದಿನವರೆಗೂ ಕೇಳಿಸಿತು. ಆದರೆ ಕಾಕಾ ಮೆತ್ತಗಿನ ಮನುಷ್ಯ. ‘ಇರ್ಲಿ ಬಿಡ್ರಿ’ ಎಂದರು ಅಪ್ಪನಿಗೆ. ‘ಹುಡುಗಿಗೆ ಸಾಲು ನೆಟ್ಟಗ ಮಾಡೂದ್ರಾಗ ಆಸಕ್ತಿ ಐತಿ. ರಾಜ್ಯೋತ್ಸವಕ್ಕ ಕುರ್ಚಿ ಹಾಕೋ ಮಂದಿ ಕಮ್ಮಿ ಅದಾರ. ಲಗೂನ ಬಂದುಬಿಡವಾ ಶ್ವೇತಾ.’

ಶಾಲು ಹೋಯಿತು. ಆದರೆ ಸಭಾಭವನದ ಕುರ್ಚಿಗಳೆಲ್ಲ ಒಬ್ಬಳ ಕೈಯಿಂದಲೇ ಸಾಲಾದವು ಎಂದರೆ ಅದೂ ಒಂದು ಸುದ್ದಿಯೇ. ಯಾರ್‍ಯಾರಿಗೆ ಹೇಳಬೇಕು ಎನ್ನುವುದು ಆಗಲೇ ತಲೆಯಲ್ಲಿ ಓಡತೊಡಗಿತ್ತು. ‘ಬ್ಯಾರೆ ಯಾರ್ನೂ ಕರೀಬ್ಯಾಡ್ರಿ ಕಾಕಾ’ ಎಂದೆ. ‘ಹಾಲ್‌ನಾಗಿನ ಎಲ್ಲಾ ಕುರ್ಚಿ ನಾನ ಹಾಕ್ತೀನಿ.’

‘ಎಲ್ಲಾ ಅಲ್ಲ’ ಎಂದರು ಅಪ್ಪ, ಗೋಡೆಯ ಮೇಲಿನ ಕಂಪ್ಯೂಟರಿನ ಸ್ವಿಚ್ಚಿಗೆ ಕೈ ಹಾಕುತ್ತ. ‘ನಿನಗ ಹೇಳಿದ ಸಾಲಷ್ಟ.’